ಒಂದೇ ಕೆಲಸ, ನಾಲ್ಕು ಸಂಬಳ

ಮಾತಾಡಿದವರು ಇಬ್ಬರು. ಹೊಸದುರ್ಗ, ಹೊಳಲ್ಕೆರೆಯ ತಾಲ್ಲೂಕು ಆಸ್ಪತ್ರೆಗಳಲ್ಲೂ ಆಮೇಲೆ ಚಿತ್ರದುರ್ಗದ ಜಿಲ್ಲಾಸ್ಪತ್ರೆಯಲ್ಲೂ ದುಡಿದು ನಿವೃತ್ತರಾದ ನರ್ಸ್ ಒಬ್ಬರು. ಅವರ ತಂಗಿಯ ಮಗ, ಹಿರಿಯೂರಿನಲ್ಲಿ 30 ಹಾಸಿಗೆಯ ಖಾಸಗಿ ನರ್ಸಿಂಗ್ ಹೋಮ್ ಒಂದರ ಲೆಕ್ಕಪತ್ರ ನೋಡಿಕೊಳ್ಳುವವನು ಇನ್ನೊಬ್ಬ.

ಮಗ: ದೊಡ್ಡಮ್ಮ, ನಮ್ಮಲ್ಲಿ ಇಬ್ಬರು ಸಿಸ್ಟರ್‌ಗಳು ಈ ತಿಂಗಳು ಕೆಲಸ ಬಿಡ್ತಿದ್ದಾರೆ. ನಿನಗೆ ಗೊತ್ತಿರೋ ಹುಡುಗಿಯರಿದ್ರೆ ಹೇಳು.

ದೊಡ್ಡಮ್ಮ: ಸಂಬಳ ಏನು ಕೊಡ್ತೀರಿ?

ಮಗ: ಜಿಎನ್‌ಎಂ ಡಿಪ್ಲೊಮಾ ಆಗಿದ್ರೆ 13 ಸಾವಿರ. ಬಿಎಸ್ಸಿ ನರ್ಸಿಂಗ್ ಆಗಿದ್ರೂ ಅಷ್ಟೇ. ರಾತ್ರಿ ಪಾಳಿಗೆ ಊಟ ನಮ್ಮದೇ.

ದೊಡ್ಡಮ್ಮ: ಹಾಗಾದ್ರೆ ನಾನು ಯಾರ ಹೆಸರನ್ನೂ ಹೇಳೋದಿಲ್ಲ. ಬೇಜಾರು ಮಾಡ್ಕೋಬೇಡ. ಬಿಎಸ್ಸಿ ಅಂದ್ರೆ ನಾಲ್ಕು ವರ್ಷದ ಓದು. ಅಪ್ಪ ಅಡಿಕೆ ತೋಟ ಅಡವಿಟ್ಟಿರ್ತಾನೆ, ಇಲ್ಲ ಬ್ಯಾಂಕಿನಲ್ಲಿ ಸಾಲ ಎತ್ತಿರ್ತಾನೆ. ಬಾಡಿಗೆ ರೂಮು, ಬಸ್ ಚಾರ್ಜು ಕಳೆದ್ರೆ 13 ಸಾವಿರದಲ್ಲಿ ಕೈಗೆ ಏನು ಉಳಿಯುತ್ತೆ?

ಮಗ: ಊರಿನ ಮಟ್ಟಕ್ಕೆ ಕಡಿಮೆಯೇನಲ್ಲ. ಬಟ್ಟೆ ಅಂಗಡೀಲಿ ನಿಂತ ಹುಡುಗಿಗೂ ಹತ್ತಿರ ಹತ್ತಿರ ಅಷ್ಟೇ ಸಿಗೋದು.

ದೊಡ್ಡಮ್ಮ: ಅಂಗಡಿಯ ಹುಡುಗಿಗೂ ಅದು ಸಾಲದು. ಆದ್ರೆ ಅವಳ ಕೈಯಲ್ಲಿ ಜೀವ ಇರೋದಿಲ್ಲ. ನಿನ್ನ ನರ್ಸಿಂಗ್ ಹೋಮಿನಲ್ಲಿ ರಾತ್ರಿ ಹನ್ನೊಂದರ ಮೇಲೆ ಯಾರಿರ್ತಾರೆ ಹೇಳು.

ಮಗ: ಡಾಕ್ಟರ ಮನೆ ಪಕ್ಕದ ಬೀದೀಲೇ ಇದೆ. ಫೋನ್ ಮಾಡಿದ್ರೆ ಬಂದುಬಿಡ್ತಾರೆ.

ದೊಡ್ಡಮ್ಮ: ಫೋನ್ ಮಾಡಬೇಕು ಅಂತ ತೀರ್ಮಾನ ಮಾಡೋದು ಯಾರು? ಅದನ್ನೇ ಕೇಳ್ತಿದ್ದೀನಿ. ಶೇಂಗಾ ಕೀಳೋ ಹೊತ್ತಲ್ಲಿ ಹಾವು ಕಚ್ಚಿಸಿಕೊಂಡವನನ್ನ ಹೊತ್ತು ತರ್ತಾರೆ. ಕಚ್ಚಿದ್ದು ಯಾವ ಹಾವು ಅಂತ ಯಾರೂ ನೋಡಿರಲ್ಲ. ಒಣಗಿದ ಗಾಜಿನ ನಳಿಕೆಗೆ ರಕ್ತ ತೆಗೆದು 20 ನಿಮಿಷ ಅಲ್ಲಾಡಿಸದೆ ಇಟ್ಟು, ಹೆಪ್ಪುಗಟ್ಟಿತೋ ಇಲ್ಲವೋ ನೋಡೋದು ನರ್ಸ್. ಹೆಪ್ಪುಗಟ್ಟದಿದ್ರೆ ಮಂಡಲದ ಹಾವಿನ ವಿಷ ರಕ್ತಕ್ಕೆ ಇಳಿದಿದೆ ಅಂತ ಲೆಕ್ಕ. ಪ್ರತಿವಿಷದ ಹತ್ತು ಬಾಟಲಿ ಕಲಸಿ ಸಲೈನಿಗೆ ಸೇರಿಸಿ ಬಿಡೋದು ಅವಳೇ. ಆ ಔಷಧಿಯೇ ಕೆಲವರಿಗೆ ಒಗ್ಗೋದಿಲ್ಲ, ಮೈಯೆಲ್ಲ ದದ್ದೆದ್ದು ಉಸಿರು ಕಟ್ಟುತ್ತೆ. ಅಡ್ರಿನಲಿನ್ ಸಿರಿಂಜಿಗೆ ತುಂಬಿಟ್ಟುಕೊಂಡು ಮಂಚದ ಪಕ್ಕ ನಿಂತಿರಬೇಕು. ಆಗ ಬೇರೆ ಮಂಚದಲ್ಲಿ ಸಲೈನ್ ಮುಗಿದು ಗಂಟೆ ಒತ್ತಿದ್ರೂ ಕಾಲು ಕಿತ್ತು ಹೋಗೋ ಹಾಗಿಲ್ಲ.

ಮಗ: ಹಾವು ಕಚ್ಚಿದವರು ದಿನಾ ಬರೋದಿಲ್ಲವಲ್ಲ.

ದೊಡ್ಡಮ್ಮ: ಕೀಟನಾಶಕ ಕುಡಿದವರು? ಸಾಲ, ಮನೆ ಜಗಳ, ಮಳೆ ಕೈಕೊಟ್ಟ ವರ್ಷ. ನಮ್ಮ ಸೀಮೆಯಲ್ಲಿ ಅದನ್ನ ನೋಡದ ನರ್ಸೇ ಇಲ್ಲ. ಅಟ್ರೋಪಿನ್ ಒಂದು ಸಲ ಕೊಟ್ಟು ಕೈ ತೊಳೆದುಕೊಳ್ಳೋ ಔಷಧಿ ಅಲ್ಲ. ಐದು ನಿಮಿಷಕ್ಕೊಮ್ಮೆ ನಾಡಿ, ಕಣ್ಣಿನ ಪಾಪೆ, ಎದೆಯ ಗೊರಗೊರ ನೋಡಬೇಕು. ಕಫದ ಸದ್ದು ಅಡಗೋವರೆಗೂ ಪ್ರಮಾಣ ಹೆಚ್ಚಿಸ್ತಾ ಹೋಗಬೇಕು. ಅಡಗಿದ ಮೇಲೆ ಅದೇ ಔಷಧಿ ಜಾಸ್ತಿಯಾದ್ರೆ ರೋಗಿ ಹುಚ್ಚುಹುಚ್ಚಾಗಿ ಮಂಚದಿಂದ ಎದ್ದು ಓಡ್ತಾನೆ. ಬರೆದುಕೊಡೋದು ಡಾಕ್ಟರು, ನಿಜ. ಬೆಳಗಿನವರೆಗೂ ಅದನ್ನ ತೂಗಿ ತೂಗಿ ಕೊಡೋದು ನರ್ಸಿನ ಕಣ್ಣು, ಕಿವಿ. ಹೆರಿಗೆಯಾದ ಹೆಂಗಸನ್ನ ಮೊದಲ ಎರಡು ಗಂಟೆ 15 ನಿಮಿಷಕ್ಕೊಮ್ಮೆ ನೋಡಬೇಕು. ಹೊಟ್ಟೆ ಮುಟ್ಟಿ ಗರ್ಭಕೋಶ ಗಟ್ಟಿಯಾಗಿದೆಯಾ, ರಕ್ತ ಎಷ್ಟು ಹೋಗ್ತಿದೆ, ಬಿಪಿ ಇಳೀತಿದೆಯಾ ಅಂತ. ಒಂದು ಸುತ್ತು ತಪ್ಪಿದ್ರೆ ತಾಯಿ ಕೈಬಿಟ್ಟು ಹೋಗ್ತಾಳೆ. ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ರಕ್ತ ಸುರೀತಿರೋ ಬಾಣಂತಿ ಜೊತೆ ಆಂಬುಲೆನ್ಸಿನಲ್ಲಿ ಹೋಗಿದ್ದೀನಿ ಕಣಪ್ಪ. ಆ ಮೂವತ್ತು ಕಿಲೋಮೀಟರ್ ಹಾದಿಯಲ್ಲಿ ಅವಳ ಪಾಲಿಗೆ ಇದ್ದ ಆಸ್ಪತ್ರೆ ನಾನೊಬ್ಬಳೇ.

ಮಗ: ನಿನ್ನ ಕೆಲಸದ ಬೆಲೆ ನನಗೆ ಗೊತ್ತಿಲ್ಲ ಅಂತ ಅಲ್ಲ. ಆದ್ರೆ ನಿನಗೆ ಸರ್ಕಾರ ಚೆನ್ನಾಗೇ ಕೊಟ್ಟಿತು. ಪಿಂಚಣಿಯೂ ಬರ್ತಿದೆ.

ದೊಡ್ಡಮ್ಮ: ಕೊಟ್ಟಿತು, ಇಲ್ಲ ಅನ್ನಲ್ಲ. ನನ್ನ ಸಂಕಟ ಇರೋದೂ ಅಲ್ಲೇ. ನಾನು ಜಿಲ್ಲಾಸ್ಪತ್ರೆಯಲ್ಲಿದ್ದಾಗ ಒಂದೇ ವಾರ್ಡಿನಲ್ಲಿ ಮೂರು ಥರದವರು ಇದ್ದೆವು. ನಾನು ಕಾಯಂ. ಆರನೇ ವೇತನ ಆಯೋಗದ ಶ್ರೇಣಿಯಲ್ಲೇ ಶುಶ್ರೂಷಾಧಿಕಾರಿಯ ಮೂಲವೇತನ 33,450ರಿಂದ ಶುರು. ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ. ನನ್ನ ಪಕ್ಕದ ಮೇಜಿನವಳು ರಾಷ್ಟ್ರೀಯ ಆರೋಗ್ಯ ಅಭಿಯಾನದ ಒಪ್ಪಂದದವಳು, ಅವಳ ಕೈಗೆ ಬರ್ತಿದ್ದುದು ನನ್ನ ಅರ್ಧಕ್ಕೂ ಕಡಿಮೆ. ಮೂರನೆಯವಳು ಏಜೆನ್ಸಿ ಮೂಲಕ ಬಂದ ಹೊರಗುತ್ತಿಗೆಯವಳು. ಅವಳಿಗೆ ಇನ್ನೂ ಕಡಿಮೆ, ಅದೂ ತಿಂಗಳುಗಟ್ಟಲೆ ತಡ. ನಿನ್ನಂಥ ನರ್ಸಿಂಗ್ ಹೋಮಿನವಳು ನಾಲ್ಕನೆಯವಳು. ನಾಲ್ವರೂ ಓದಿದ್ದು ಒಂದೇ ಪುಸ್ತಕ. ನಾಲ್ವರ ಹೆಸರೂ ಅದೇ ರಾಜ್ಯ ಶುಶ್ರೂಷಾ ಪರಿಷತ್ತಿನ ರಿಜಿಸ್ಟರಿನಲ್ಲಿದೆ. ತಪ್ಪು ಇಂಜೆಕ್ಷನ್ ಹೋದ್ರೆ ನಾಲ್ವರೂ ಅದೇ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕು. ಬೇರೆ ಇರೋದು ನೇಮಕದ ಕಾಗದ ಒಂದೇ. ಕೆಲಸಕ್ಕೆ ಅಂತ ಸಂಬಳ ಕೊಡ್ತಿಲ್ಲ ನಾವು, ಆ ಕಾಗದಕ್ಕೆ ಕೊಡ್ತಿದ್ದೀವಿ.

ಮಗ: ಒಪ್ಪಂದಕ್ಕೆ ಸಹಿ ಹಾಕಿ ಬಂದವರು ಆಮೇಲೆ ಕಾಯಂ ಮಾಡಿ ಅಂದ್ರೆ ಹೇಗೆ? ಉಮಾದೇವಿ ಕೇಸಿನಲ್ಲಿ ಸುಪ್ರೀಂ ಕೋರ್ಟೇ ಆಗಲ್ಲ ಅಂದಿದೆಯಲ್ಲ.

ದೊಡ್ಡಮ್ಮ: ಹೌದು, 2006ರ ಏಪ್ರಿಲ್‌ನಲ್ಲಿ. ಅದು ನಮ್ಮ ಕರ್ನಾಟಕದ್ದೇ ಕೇಸು. ಹಿಂಬಾಗಿಲಿನಿಂದ ಬಂದವರನ್ನ ಕಾಯಂ ಮಾಡೋ ಹಾಗಿಲ್ಲ ಅಂತ ಅಲ್ಲಿ ಹೇಳಿದ್ದು. ಆದ್ರೆ ಅದೇ ಕೋರ್ಟು 2016ರ ಅಕ್ಟೋಬರ್‌ನಲ್ಲಿ, ಪಂಜಾಬಿನ ಜಗಜಿತ್ ಸಿಂಗ್ ಕೇಸಿನಲ್ಲಿ, ತಾತ್ಕಾಲಿಕ ನೌಕರ ಕಾಯಂ ನೌಕರನ ಕೆಲಸವನ್ನೇ ಮಾಡ್ತಿದ್ರೆ ಆ ಹುದ್ದೆಯ ಕನಿಷ್ಠ ವೇತನಶ್ರೇಣಿ ಅವನಿಗೂ ಸಲ್ಲಬೇಕು ಅಂತ ಹೇಳಿತು. ಕಾಯಮಾತಿ ಬೇರೆ, ಸಂಬಳ ಬೇರೆ. ಸರ್ಕಾರ ಮೊದಲ ತೀರ್ಪನ್ನ ಬಾಯಿಪಾಠ ಮಾಡಿಕೊಂಡಿದೆ, ಎರಡನೆಯದನ್ನ ಕೋರ್ಟಿನ ಬಾಗಿಲು ಬಡಿದವರಿಗೆ ಮಾತ್ರ ತೆಗೆದು ತೋರಿಸುತ್ತೆ.

ಮಗ: 2023ರಲ್ಲಿ ಒಪ್ಪಂದದ ನೌಕರರು ಮುಷ್ಕರ ಮಾಡಿದ ಮೇಲೆ ಅವರ ಸಂಬಳ ಶೇ 15 ಏರಿಸಿದ್ರಲ್ಲ.

ದೊಡ್ಡಮ್ಮ: ಅದಕ್ಕೆ ಬೆಂಗಳೂರಿನ ಫ್ರೀಡಂ ಪಾರ್ಕಿನ ಬಿಸಿಲಲ್ಲಿ ವಾರಗಟ್ಟಲೆ ಕೂರಬೇಕಾಯ್ತು. 2020 ನೆನಪು ಮಾಡಿಕೋ. ಮೇ 3ರಂದು ವಾಯುಪಡೆಯ ಹೆಲಿಕಾಪ್ಟರುಗಳು ದೇಶದ ಆಸ್ಪತ್ರೆಗಳ ಮೇಲೆ ಹೂಮಳೆ ಸುರಿಸಿದುವು. ಸೆಪ್ಟೆಂಬರ್ ಹೊತ್ತಿಗೆ ಈ ರಾಜ್ಯದ ಒಪ್ಪಂದದ ಆರೋಗ್ಯ ನೌಕರರು ಕೊರೋನಾದ ನಡುವೆಯೇ ಸಂಬಳಕ್ಕಾಗಿ ಮುಷ್ಕರಕ್ಕೆ ಇಳಿದಿದ್ರು. ಹೂವು ಬೇಡ ಅಂತ ನಾವು ಯಾರೂ ಅನ್ನಲಿಲ್ಲ. ಕಣ್ಣಲ್ಲಿ ನೀರೂ ಬಂತು. ಆದ್ರೆ ಮೂರು ವರ್ಷ ಆದ ಮೇಲೂ ಅವೇ ಬೇಡಿಕೆ ಹಿಡಿದು ಬೀದಿಗೆ ಬರಬೇಕಾಯ್ತಲ್ಲ, ಅದು ನನ್ನ ಎದೆಯಲ್ಲಿ ಕೂತಿದೆ.

ಮಗ: ಒಂದು ಮಾತು ಹೇಳ್ತೀನಿ, ಸಿಟ್ಟಾಗಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ ಒಳ್ಳೆ ಸಂಬಳ ತಗೊಳ್ಳೋ ಕೆಲವರು ಮೇಜು ಬಿಟ್ಟು ಏಳೋದಿಲ್ಲ. ರೋಗಿಯ ಕಡೆಯವರನ್ನ ಗದರಿಸ್ತಾರೆ. ಅದಕ್ಕೇ ಬಡವನೂ ಸಾಲ ಮಾಡಿ ನಮ್ಮ ಕಡೆ ಬರೋದು. ಸಂಬಳ ಏರಿದ್ರೆ ಕೆಲಸ ಸುಧಾರಿಸುತ್ತೆ ಅಂತ ಏನು ಗ್ಯಾರಂಟಿ?

ದೊಡ್ಡಮ್ಮ: ಅಂಥವರಿದ್ದಾರೆ. ನಾನೇ ಅಂಥವರ ಮೇಲೆ ಬರೆದು ಕಳಿಸಿದ್ದೀನಿ. ಸಂಬಳ ಕೊಟ್ಟ ಮೇಲೆ ಕೆಲಸ ಕೇಳೋ ಹಕ್ಕೂ ಇರುತ್ತೆ, ಕೇಳಬೇಕು. ಆದ್ರೆ ಗದರಿಸೋ ನರ್ಸನ್ನ ನೋಡಿದಾಗ ಅವಳ ಹಿಂದೆ ಎಷ್ಟು ಮಂಚ ಇವೆ ಅಂತಲೂ ಎಣಿಸು. ಸಾಮಾನ್ಯ ವಾರ್ಡಿನಲ್ಲಿ ಆರು ಹಾಸಿಗೆಗೆ ಒಬ್ಬ ನರ್ಸ್, ಐಸಿಯುನಲ್ಲಿ ಒಂದು ಹಾಸಿಗೆಗೆ ಒಬ್ಬರು ಅನ್ನೋದು ಅಳತೆ. 30 ಮಂಚದ ವಾರ್ಡಿಗೆ ಒಂದು ಪಾಳಿಗೆ ಐದು ಜನ. ನಾನು ರಾತ್ರಿ ಪಾಳಿಯಲ್ಲಿ ಇಂಥ ವಾರ್ಡನ್ನ ಒಬ್ಬಳೇ ನೋಡಿದ್ದೀನಿ, ಪುಣ್ಯ ಇದ್ದ ದಿನ ಇಬ್ಬರು. ಐದು ಜನರ ಕೆಲಸ ಒಬ್ಬರಿಂದ ತೆಗೆದು ಒಬ್ಬರ ಸಂಬಳ ಕೊಟ್ರೆ, ಕಾಯಂ ನರ್ಸಿಗೂ ಅದು ನ್ಯಾಯದ ಸಂಬಳ ಅಲ್ಲ. ಸಂಬಳದ ಚೀಟಿ ಒಂದನ್ನೇ ನೋಡಿದ್ರೆ ಇದು ಕಾಣಿಸಲ್ಲ. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರಲ್ಲ, ನೂರಕ್ಕೂ ಹೆಚ್ಚು ಮಂದಿ ಚಿತ್ರದುರ್ಗದ ಆಸ್ಪತ್ರೆಗಳಿಗೆ ಬಂದ್ರು. ವಾಂತಿ ಭೇದಿಯಿಂದ ಮೈಯ ನೀರೆಲ್ಲ ಹೋದವನ ಕೈಯಲ್ಲಿ ರಕ್ತನಾಳವೇ ಸಿಗೋದಿಲ್ಲ. ಅಂಥ ಹೊತ್ತಲ್ಲಿ ಒಂದೊಂದು ಸೂಜಿಯೂ ಕೈಚಳಕ. ನೂರು ಜನಕ್ಕೆ ಹಾಗೆ ಸಲೈನ್ ಏರಿಸಿದವರಲ್ಲಿ ಕಾಯಂ ಯಾರು, ಒಪ್ಪಂದ ಯಾರು ಅಂತ ರೋಗಿ ಕೇಳಿದನೇ?

ಮಗ: ಸರ್ಕಾರದ ಮಾತು ಬಿಡು, ಅವರ ಹತ್ತಿರ ತೆರಿಗೆ ದುಡ್ಡಿದೆ. ನಮ್ಮ ಥರದ ಸಣ್ಣ ನರ್ಸಿಂಗ್ ಹೋಮ್ ಎಲ್ಲಿಂದ ತರಬೇಕು? ಹಿರಿಯೂರು ಅಂದ್ರೆ ಹೆದ್ದಾರಿ ಕೂಡೋ ಜಾಗ. ಅಪಘಾತ ಆಗದ ವಾರ ಇಲ್ಲ. 2020ರ ಆಗಸ್ಟ್‌ನಲ್ಲಿ ಬಸ್ಸಿಗೆ ಬೆಂಕಿ ಬಿತ್ತಲ್ಲ, ಅಂಥ ದಿನ ಊರಿನ ಒಂದೊಂದು ಮಂಚವೂ ಬೇಕಾಗುತ್ತೆ. ಖರ್ಚು ಏರಿಸಿ ನಮ್ಮನ್ನ ಮುಚ್ಚಿಸಿದ್ರೆ ಜನ ಎಲ್ಲಿಗೆ ಹೋಗಬೇಕು?

ದೊಡ್ಡಮ್ಮ: ಮುಚ್ಚೋದು ಬೇಡ. ನೀನು ಲೆಕ್ಕದವನು, ಲೆಕ್ಕವನ್ನೇ ಹಾಕೋಣ. ಈಗ ನಿಮ್ಮಲ್ಲಿ ಸಿಸ್ಟರ್ ಅಂತ ಎಷ್ಟು ಜನ?

ಮಗ: ಹನ್ನೆರಡು. ಅದರಲ್ಲಿ ಓದಿ ನೋಂದಣಿ ಆದವರು ಐವರು, ಅವರಿಗೆ 13 ಸಾವಿರ. ಉಳಿದ ಏಳು ಜನ ಪಿಯುಸಿ ಮಾಡಿ ಬಂದು ಇಲ್ಲೇ ಕಲಿತವರು, ಅವರಿಗೆ 8 ಸಾವಿರ. ಒಟ್ಟು 1,21,000.

ದೊಡ್ಡಮ್ಮ: 8 ಸಾವಿರ ಯಾವ ಲೆಕ್ಕದಲ್ಲೂ ಕನಿಷ್ಠ ವೇತನಕ್ಕಿಂತ ಕೆಳಗೆ. ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳಿಗೂ ಕನಿಷ್ಠ ವೇತನ ನಿಗದಿ ಆಗುತ್ತೆ ಅನ್ನೋದು ನಿನಗೆ ಗೊತ್ತಿರೋದೇ. ಇನ್ನೊಂದು, ಆ ಏಳು ಹುಡುಗಿಯರಿಗೂ ಅದೇ ಬಿಳಿ ಕೋಟು ಹಾಕಿಸಿ, ಅವರ ಕೈಗೂ ಸಿರಿಂಜ್ ಕೊಟ್ಟಿದ್ದೀರಿ. ರೋಗಿಗೆ ವ್ಯತ್ಯಾಸ ಗೊತ್ತಾಗಲ್ಲ. ತರಬೇತಿ ಆದವಳು ಸಂಬಳ ಕೇಳಿದ್ರೆ, ಇಷ್ಟಕ್ಕೆ ಮಾಡೋರು ಹೊರಗೆ ನಿಂತಿದ್ದಾರೆ ಅಂತೀರಿ. ಓದಿದವಳ ಬೆಲೆಯನ್ನ ಓದದವಳ ಕಷ್ಟದಿಂದ ಇಳಿಸಿದ್ದೀರಿ. ನಮ್ಮ ನಾಲ್ಕೂ ಊರಲ್ಲಿ ನರ್ಸ್ ಸಂಬಳ ಏರದೆ ಇರೋದಕ್ಕೆ ದೊಡ್ಡ ಕಾರಣ ಇದು. ಆ ಏಳು ಜನರ ಮೇಲೆ ನನಗೆ ಸಿಟ್ಟಿಲ್ಲ, ಅವರೂ ಬಡವರ ಮನೆಯ ಮಕ್ಕಳು. ಅವರನ್ನ ರೋಗಿಯ ಊಟ, ಹಾಸಿಗೆ, ಸ್ವಚ್ಛತೆ ನೋಡೋ ಸಹಾಯಕಿಯರಾಗಿ ಇಟ್ಟುಕೊಂಡು ಕಾನೂನಿನ ಪ್ರಕಾರ ಸಂಬಳ ಕೊಡಿ. ಇಂಜೆಕ್ಷನ್ ಕೊಡಿಸಬೇಡಿ. ಸರಿ, ದಿನಕ್ಕೆ ಸರಾಸರಿ ಎಷ್ಟು ಮಂಚ ತುಂಬಿರುತ್ತೆ?

ಮಗ: ಇಪ್ಪತ್ತು.

ದೊಡ್ಡಮ್ಮ: ತಿಂಗಳಿಗೆ 600 ರೋಗಿದಿನ. ಬಿಲ್ಲಿನಲ್ಲಿ ನರ್ಸಿಂಗ್ ಚಾರ್ಜ್ ಅಂತ ಒಂದು ಸಾಲು ಇರುತ್ತಲ್ಲ, ಅದು ಎಷ್ಟು?

ಮಗ: ದಿನಕ್ಕೆ 350.

ದೊಡ್ಡಮ್ಮ: ಅಂದ್ರೆ ತಿಂಗಳಿಗೆ 2,10,000 ರೂಪಾಯಿ. ನರ್ಸ್ ಹೆಸರಲ್ಲಿ ರೋಗಿಯಿಂದ ವಸೂಲು ಮಾಡಿದ್ದು ಇಷ್ಟು, ನರ್ಸಿಗೆ ಕೊಟ್ಟದ್ದು 1,21,000. ಉಳಿದ 89,000 ಎಲ್ಲಿಗೆ ಹೋಯ್ತು?

ಮಗ: ಗ್ಲೌಸು, ಹತ್ತಿ, ಬಟ್ಟೆ ಒಗೆಯೋದು...

ದೊಡ್ಡಮ್ಮ: ಅವಕ್ಕೆಲ್ಲ ಬಿಲ್ಲಿನಲ್ಲಿ ಬೇರೆ ಸಾಲೇ ಇದೆ. ನಾನು ನೋಡಿದ್ದೀನಿ.

ಮಗ: ಇದೆ.

ದೊಡ್ಡಮ್ಮ: ಮುಂದೆ ಕೇಳು. ಇಪ್ಪತ್ತು ರೋಗಿಗೆ ಪಾಳಿಗೆ ನಾಲ್ವರಂತೆ ಮೂರು ಪಾಳಿಗೆ ಹನ್ನೆರಡು. ವಾರದ ರಜೆ, ಕಾಯಿಲೆ ಕಸಾಲೆಗೆ ಇನ್ನಿಬ್ಬರು. ಹದಿನಾಲ್ಕು ಜನ ನೋಂದಾಯಿತ ನರ್ಸ್‌ಗಳಿಗೆ 20 ಸಾವಿರದ ಹಾಗೆ 2,80,000. ನರ್ಸಿಂಗ್ ಚಾರ್ಜು ಪೂರ್ತಿ ಅವರಿಗೇ ಸೇರಿದ್ರೆ ಕಡಿಮೆ ಬೀಳೋದು 70,000. ಅದನ್ನ 600ರಿಂದ ಭಾಗಿಸು.

ಮಗ: 116 ಚಿಲ್ಲರೆ. ಆದ್ರೆ ನೀನು ಪಿಎಫ್, ಇಎಸ್‌ಐ ಬಿಟ್ಟೆ. 15 ಸಾವಿರದ ಮಿತಿಗೆ ಶೇ 12 ಅಂದ್ರೆ ತಲೆಗೆ 1,800. ಸಂಬಳ 21 ಸಾವಿರದ ಒಳಗಿರೋದರಿಂದ ಇಎಸ್‌ಐಗೆ ನಮ್ಮ ಪಾಲು ಶೇ 3.25, ಅಂದ್ರೆ 650. ಹದಿನಾಲ್ಕು ಜನಕ್ಕೆ 34,300. ದಿನಕ್ಕೆ ಇನ್ನೊಂದು 57 ರೂಪಾಯಿ.

ದೊಡ್ಡಮ್ಮ: ಸೇರಿಸು. 175 ಅಂತಲೇ ಇಟ್ಟುಕೊ. ಸಹಾಯಕಿಯರ ಸಂಬಳ ಬೇರೆ ಇದೆ, ಒಪ್ತೀನಿ, ಆದ್ರೆ ಅದು ನರ್ಸ್ ಹೆಸರಲ್ಲಿ ಬರೆಯೋ ಖರ್ಚಲ್ಲ. ಒಬ್ಬ ರೋಗಿಗೆ ದಿನಕ್ಕೆ 175 ರೂಪಾಯಿ. ಒಂದು ಸ್ಕ್ಯಾನಿಂಗಿನ ಬಿಲ್ಲು ನೆನೆಸಿಕೊ, ಹೊರಗಿನ ಲ್ಯಾಬಿನ ಬಿಲ್ಲು ನೆನೆಸಿಕೊ. ನರ್ಸಿಂಗ್ ಹೋಮ್ ಮುಚ್ಚಿಹೋಗುತ್ತೆ ಅಂತ ಹೆದರಿಸೋ ಮೊತ್ತವಾ ಇದು?

ಮಗ: 20 ಸಾವಿರ ಅನ್ನೋದು ನೀನು ಎಲ್ಲಿಂದ ತಂದೆ?

ದೊಡ್ಡಮ್ಮ: ನಾನು ತಂದದ್ದಲ್ಲ. ಖಾಸಗಿ ಆಸ್ಪತ್ರೆಗಳಲ್ಲಿ ನರ್ಸ್‌ಗಳನ್ನ ಶೋಷಣೆ ಮಾಡ್ತಿದ್ದಾರೆ ಅಂತ ಭಾರತೀಯ ತರಬೇತಿ ಪಡೆದ ದಾದಿಯರ ಸಂಘ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2016ರ ಜನವರಿ 29ರಂದು, ಸಮಿತಿ ಮಾಡಿ ಅಂತ ಕೋರ್ಟು ಕೇಂದ್ರಕ್ಕೆ ಹೇಳಿತು. ಆರೋಗ್ಯ ಸೇವೆಗಳ ಮಹಾನಿರ್ದೇಶಕರಾಗಿದ್ದ ಜಗದೀಶ್ ಪ್ರಸಾದ್ ಅಧ್ಯಕ್ಷತೆಯ ಸಮಿತಿ ಕೊಟ್ಟ ಶಿಫಾರಸು ಇದು: 200ಕ್ಕಿಂತ ಹೆಚ್ಚು ಹಾಸಿಗೆ ಇದ್ರೆ ರಾಜ್ಯ ಸರ್ಕಾರಿ ನರ್ಸಿನ ಸಮ ಸಂಬಳ. 100ಕ್ಕಿಂತ ಹೆಚ್ಚಿದ್ರೆ ಅದಕ್ಕಿಂತ ಶೇ 10ರಷ್ಟು ಮಾತ್ರ ಕಡಿಮೆ ಇರಬಹುದು. 50ರಿಂದ 100ಕ್ಕೆ ಶೇ 25ರಷ್ಟು. 50ಕ್ಕಿಂತ ಕಡಿಮೆ ಹಾಸಿಗೆ ಇರೋ ನಿಮ್ಮಂಥವರೂ 20 ಸಾವಿರಕ್ಕಿಂತ ಕೆಳಗೆ ಇಳಿಯೋ ಹಾಗಿಲ್ಲ. ರಜೆ, ಕೆಲಸದ ಅವಧಿ, ವೈದ್ಯಕೀಯ ಸೌಲಭ್ಯ ಎಲ್ಲ ಸರ್ಕಾರಿ ನರ್ಸಿನ ಹಾಗೇ ಇರಬೇಕು. ಅದೇ ವರ್ಷ ಕೇಂದ್ರ ಎಲ್ಲ ರಾಜ್ಯಗಳಿಗೂ ಇದನ್ನ ಕಳಿಸಿ ಕಾನೂನೋ ಮಾರ್ಗಸೂಚಿಯೋ ಮಾಡಿಕೊಳ್ಳಿ ಅಂತ ಹೇಳಿತು. ಕೇರಳದಲ್ಲಿ ನರ್ಸ್‌ಗಳು ಚೇರ್ತಲದಿಂದ ತಿರುವನಂತಪುರಕ್ಕೆ ಕಾಲ್ನಡಿಗೆ ಹೊರಡೋ ಹಿಂದಿನ ದಿನ, 2018ರ ಏಪ್ರಿಲ್ 23ಕ್ಕೆ, ಅಲ್ಲಿನ ಸರ್ಕಾರ ಸಂಬಳದ ಅಧಿಸೂಚನೆ ಹೊರಡಿಸಿತು. ಅದರಲ್ಲಿ ಸಂಬಳ 20 ಸಾವಿರದಿಂದ ಶುರುವಾಗಿತ್ತು. ನಮ್ಮ ತಾಲ್ಲೂಕುಗಳ ನರ್ಸಿಂಗ್ ಹೋಮುಗಳ ಬಾಗಿಲಿಗೆ ಆ 20 ಸಾವಿರ ಇನ್ನೂ ಬಂದಿಲ್ಲ. ಇದೂ ಹತ್ತು ವರ್ಷದ ಹಿಂದಿನ ಮೊತ್ತ, ಮರೀಬೇಡ. ಈಗ ರಾಜ್ಯ ಸರ್ಕಾರಿ ನೌಕರಿಯ ಕಟ್ಟಕಡೆಯ ಮೆಟ್ಟಿಲಿನ ಮೂಲವೇತನವೇ 27,000. 2024ರ ಆಗಸ್ಟ್ 1ರಿಂದ ಏಳನೇ ವೇತನ ಆಯೋಗದ ಪ್ರಕಾರ.

ಮಗ: ಕಾನೂನು ಬಂದ್ರೆ ಎಲ್ಲರೂ ಕೊಡ್ತಾರೆ. ನಾವೊಬ್ಬರೇ ಕೊಟ್ರೆ ಪಕ್ಕದವರ ಬಿಲ್ಲು ಕಡಿಮೆ ಆಗುತ್ತೆ, ರೋಗಿ ಅಲ್ಲಿಗೆ ಹೋಗ್ತಾನೆ.

ದೊಡ್ಡಮ್ಮ: ಈ ಮಾತು ನಿಜ. ಅದಕ್ಕೇ ನಾನು ಬರೀ ನಿಮ್ಮ ಡಾಕ್ಟರ ಮನಸ್ಸು ಕರಗಲಿ ಅಂತ ಕೂತಿಲ್ಲ. 2017ರ ನವೆಂಬರ್‌ನಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತರೋವಾಗ ರಾಜ್ಯದ ಖಾಸಗಿ ವೈದ್ಯರೆಲ್ಲ ಆಸ್ಪತ್ರೆ ಮುಚ್ಚಿ ಬೀದಿಗಿಳಿದ್ರು. ಚರ್ಚೆ ಆದದ್ದು ರೋಗಿಯ ಶುಲ್ಕ, ವೈದ್ಯರ ಶಿಕ್ಷೆ. ಆ ಆಸ್ಪತ್ರೆಗಳಲ್ಲಿ ರಾತ್ರಿ ಎದ್ದಿರೋ ಹೆಂಗಸಿನ ಸಂಬಳ ಯಾರ ಬಾಯಲ್ಲೂ ಬರಲಿಲ್ಲ. ಆ ಕಾಯ್ದೆ ಪ್ರಕಾರ ಜಿಲ್ಲೆಯಲ್ಲಿ ನೋಂದಣಿ ಕೊಡೋ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ನೋಂದಣಿ ನವೀಕರಣಕ್ಕೆ ಬಂದಾಗ ಕೇಳಲಿ: ಎಷ್ಟು ಹಾಸಿಗೆ, ಎಷ್ಟು ನರ್ಸ್, ಅವರ ಪರಿಷತ್ ನೋಂದಣಿ ಸಂಖ್ಯೆ ಏನು, ಬ್ಯಾಂಕ್ ಖಾತೆಗೆ ಹೋದ ಸಂಬಳ ಎಷ್ಟು. ಕಾಗದ ಇಲ್ಲದವರಿಗೆ ನವೀಕರಣ ಇಲ್ಲ ಅನ್ನಲಿ. ಆಗ ನೀನೂ ಪಕ್ಕದವನೂ ಒಂದೇ ಸಾಲಿನಲ್ಲಿ ನಿಲ್ತೀರಿ.

ಮಗ: ಸಂಬಳ ಏರಿಸಿದ್ರೂ ಉಳೀತಾರಾ? ನಮ್ಮಲ್ಲಿ ಒಂದು ವರ್ಷ ಕೆಲಸ ಕಲಿತು, ಅನುಭವ ಪತ್ರ ತಗೊಂಡು ಬೆಂಗಳೂರಿಗೋ ಗಲ್ಫಿಗೋ ಹೋಗ್ತಾರೆ. ಈಗ ಜರ್ಮನಿ ಬೇರೆ. ಅದಕ್ಕೇ ನಮ್ಮ ಡಾಕ್ಟರು ಸಿಸ್ಟರ್‌ಗಳ ಮೂಲ ಅಂಕಪಟ್ಟಿ ಕಪಾಟಿನಲ್ಲಿ ಇಟ್ಟುಕೊಳ್ಳೋದು.

ದೊಡ್ಡಮ್ಮ: ಅದನ್ನ ನಾಳೆಯೇ ವಾಪಸ್ ಕೊಡಿಸು. ಒಬ್ಬಳ ಓದಿನ ಕಾಗದವನ್ನ ಒತ್ತೆ ಇಟ್ಟುಕೊಳ್ಳೋದು ಜೀತ, ಅದಕ್ಕೆ ಬೇರೆ ಹೆಸರಿಲ್ಲ. ಹೋಗೋವರು ಹೋಗಲಿ, ಅವರ ಬಾಳು. ಆದ್ರೆ ಹೊಸದುರ್ಗದಲ್ಲೋ ಹೊಳಲ್ಕೆರೆಯಲ್ಲೋ ಅಪ್ಪ ಅಮ್ಮನ ಹತ್ತಿರ ಇದ್ದು, ಮಗುವನ್ನ ಸ್ಕೂಲಿಗೆ ಕಳಿಸಿ ಕೆಲಸಕ್ಕೆ ಬರಬೇಕು ಅನ್ನೋ ನರ್ಸ್‌ಗಳು ಬೇಕಾದಷ್ಟಿದ್ದಾರೆ. ಅವರು ಮನೆಯಲ್ಲಿ ಕೂತಿದ್ದಾರೆ. 13 ಸಾವಿರಕ್ಕೆ ರಾತ್ರಿ ಪಾಳಿ ಮಾಡೋದಕ್ಕಿಂತ ಮನೆಯೇ ವಾಸಿ ಅಂತ ಗಂಡನ ಮನೆಯವರು ಬಿಡಿಸಿರ್ತಾರೆ. ಸಾಲ ಮಾಡಿ ಓದಿದ, ಪರಿಷತ್ತು ನೋಂದಾಯಿಸಿದ ಕೈಗಳು ಒಲೆ ಮುಂದೆ ಉಳಿದುಬಿಟ್ಟಿವೆ. ನಿಮಗೆ ಸಿಸ್ಟರ್ ಸಿಗ್ತಿಲ್ಲ.

ಮಗ: ನರ್ಸ್ ಕೆಲಸ ಸೇವೆ ಅಂತ ನೀನೇ ಹೇಳ್ತಿದ್ದೆ. ಈಗ ಪೂರ್ತಿ ದುಡ್ಡಿನ ಮಾತೇ ಆಯ್ತಲ್ಲ.

ದೊಡ್ಡಮ್ಮ: ಈಗಲೂ ಹೇಳ್ತೀನಿ. ಡಾಕ್ಟರದೂ ಸೇವೆಯೇ, ಅವರ ಶುಲ್ಕವನ್ನ ಯಾರೂ ಸೇವೆ ಅಂತ ಕಡಿತ ಮಾಡಲ್ಲ. ಹೆಂಗಸರು ಹೆಚ್ಚಾಗಿರೋ ಕೆಲಸ ಅಂದ ಕೂಡಲೇ ಅದು ಮನೆಗೆಲಸದ ಮುಂದುವರಿಕೆ ಅಂತ ಎಣಿಸಿಬಿಡ್ತಾರೆ, ಅಮ್ಮ ಮಗುವನ್ನ ನೋಡೋದಕ್ಕೆ ಸಂಬಳ ಕೇಳ್ತಾಳಾ ಅನ್ನೋ ಥರ. ರೋಗಿಯ ಮಲ ಬಾಚಿದ್ದೀನಿ, ಸತ್ತವರ ಕಣ್ಣು ಮುಚ್ಚಿದ್ದೀನಿ, ದುಡ್ಡು ನೆನೆಸಿಕೊಂಡು ಅವನ್ನ ಮಾಡಲಿಲ್ಲ. ಆದ್ರೆ ತಿಂಗಳ ಕೊನೆಗೆ ಮಗಳ ಫೀಸು ಕಟ್ಟೋದಕ್ಕೆ ಆಯ್ತು ಅನ್ನೋ ನೆಮ್ಮದಿ ಇತ್ತು ನೋಡು, ಅದಿದ್ದುದಕ್ಕೇ ಮಾರನೇ ದಿನ ಮುಖ ಸಿಂಡರಿಸದೆ ವಾರ್ಡಿಗೆ ಹೋದೆ. ಆ ನೆಮ್ಮದಿ ನನ್ನ ಪಕ್ಕದ ಮೇಜಿನವಳಿಗೆ ಇರಲಿಲ್ಲ. ನನಗಿಂತ ಚೆನ್ನಾಗಿ ಸೂಜಿ ಹಾಕ್ತಿದ್ಲು ಅವಳು.

ಮಗ: ಡಾಕ್ಟರ ಮುಂದೆ ಈ ಲೆಕ್ಕ ಇಡ್ತೀನಿ. ಒಪ್ತಾರೆ ಅಂತ ನಾನು ಮಾತು ಕೊಡೋದಿಲ್ಲ.

ದೊಡ್ಡಮ್ಮ: ಇಡು. ಒಪ್ಪಲಿಲ್ಲ ಅಂದ್ರೆ ನರ್ಸಿಂಗ್ ಚಾರ್ಜ್ ಅನ್ನೋ ಸಾಲನ್ನ ಬಿಲ್ಲಿನಿಂದ ತೆಗೆಸು, ಅವಳಿಗೆ ಕೊಡದ ದುಡ್ಡನ್ನ ಅವಳ ಹೆಸರಲ್ಲಿ ವಸೂಲು ಮಾಡಬೇಡಿ. ರೋಗಿಯ ಕಡೆಯವರೂ ಬಿಲ್ಲು ಕೈಗೆ ಬಂದಾಗ ಕೇಳಬೇಕು, ಈ ದುಡ್ಡಿನಲ್ಲಿ ನಿಮ್ಮ ನರ್ಸಿಗೆ ಎಷ್ಟು ಕೊಡ್ತೀರಿ, ಇಂಜೆಕ್ಷನ್ ಕೊಟ್ಟವಳ ನೋಂದಣಿ ಸಂಖ್ಯೆ ಯಾವುದು ಅಂತ. ಸರ್ಕಾರ 2016ರ ಶಿಫಾರಸನ್ನ ಈಗಿನ ಬೆಲೆಗೆ ಏರಿಸಿ ಅಧಿಸೂಚನೆ ಹೊರಡಿಸಲಿ. ತನ್ನದೇ ಆಸ್ಪತ್ರೆಗಳ ಒಪ್ಪಂದದ, ಹೊರಗುತ್ತಿಗೆಯ ನರ್ಸ್‌ಗಳಿಗೆ ಕಾಯಂ ಶ್ರೇಣಿಯ ಆರಂಭದ ವೇತನವನ್ನ ಮೊದಲು ಕೊಡಲಿ. ತಾನೇ ಕೊಡದ ಸರ್ಕಾರಕ್ಕೆ ಹಿರಿಯೂರಿನ ಡಾಕ್ಟರನ್ನ ಕೇಳೋ ಬಾಯಿ ಇರೋದಿಲ್ಲ.